ಕಲಿಸಲು ಬಂದವರ ಕಲಿಕೆ

ಪ್ರತಿವರ್ಷವೂ ಶಾಲೆ ತೆರೆಯುವ ದಿನಗಳಲ್ಲಿ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ. ಮಗು ಕನ್ನಡದಲ್ಲಿಯೇ ಪಾಠಗಳನ್ನೋದಿದರೆ, ಮುಂದೆ ಹೊರನಾಡಿಗೆ ಹೋಗಬೇಕಾಗಿ ಬಂದಾಗ ಅಲ್ಲಿಯ ಭಾಷೆಯನ್ನು ಹೇಗೆ ಹಿಡಿದೀತು ಎಂಬುದೇ ಆ ಪ್ರಶ್ನೆ. ಇದು ಸುಮ್ಮನೆ ಹುಟ್ಟಿದ ಚಿಂತೆಯೆಂದು ನಾವು ತಳ್ಳಿಹಾಕಲಾರೆವು. ನಮ್ಮ ಮಕ್ಕಳ ಬಂಧುಗಳಲ್ಲಿ ಹಲವರು ಕೊಯಮತ್ತೂರಿನ ನೂಲಿನ ಗಿರಣಿಗಳಿಗೂ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೂ ಹೊಟ್ಟೆಪಾಡಿಗಾಗಿ ಹೋಗಿ ನೆಲೆಸಿದ್ದಾರೆ. ಅಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಕಾರ್ಖಾನೆಯ ಕಾಗದಪತ್ರಗಳಲ್ಲಿ ಇಂಗ್ಲಿಷು. ಮೂರು ಭಾಷೆಗಳ ನಡುವೆ ಮಗುವಿನ ನಾಲಗೆ ತಡವರಿಸೀತೆಂದು ತಾಯಂದಿರು ಅಂಜುವುದು ಸಹಜವೇ ಆಗಿದೆ.

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ಪರಭಾಷೆಯನ್ನು ಕಲಿಯುವುದನ್ನೇ ತಮ್ಮ ಬದುಕಿನ ಮೊದಲ ಕೆಲಸವನ್ನಾಗಿ ಮಾಡಿಕೊಂಡವರು ಅದನ್ನು ಹೇಗೆ ಕಲಿತರೆಂಬುದನ್ನು ನೋಡುವುದು ಮೇಲೆಂದು ನಮಗೆ ತೋರುತ್ತದೆ. ಅಂಥವರಲ್ಲಿ ಮುಖ್ಯರಾದವರು ದೂರದೇಶಗಳಿಂದ ಇಲ್ಲಿಗೆ ಬಂದ ಪಾದ್ರಿಗಳು. ಅವರು ಬಂದುದು ತಮ್ಮ ಮತವನ್ನು ಬೋಧಿಸುವುದಕ್ಕೆ. ಆ ವಿಷಯದ ಚರ್ಚೆ ಇಲ್ಲಿ ನಮಗೆ ಬೇಡ. ಬೋಧಿಸಲು ಬಂದವರು ಬೋಧಿಸುವ ಮುನ್ನ ವರ್ಷಗಟ್ಟಲೆ ವಿದ್ಯಾರ್ಥಿಗಳಾಗಿ ಕುಳಿತುಕೊಳ್ಳಬೇಕಾಯಿತಷ್ಟೆ. ಆ ವಿದ್ಯಾರ್ಥಿಜೀವನದ ದಿನಚರಿಯೇ ಈ ಲೇಖನದ ವಸ್ತು.

ಮೊದಲು ನಾಡಿನ ಮಾತು. ಕೊಯಮತ್ತೂರು ಸೀಮೆ ಇಂದು ತಮಿಳುನಾಡಿನ ನಡುವೆ ಇರುವುದರಿಂದ ಅಲ್ಲಿ ಕನ್ನಡಕ್ಕೇನು ಕೆಲಸವೆಂದು ಕೆಲವರು ಕೇಳಬಹುದು. ಆದರೆ ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಕುಂಪಣಿ ಸರಕಾರದ ವಶಕ್ಕೆ ಹೋಗುವವರೆಗೂ ಆ ಸೀಮೆ ಮೈಸೂರಿನ ಆಳ್ವಿಕೆಗೆ ಸೇರಿತ್ತು. ಅಲ್ಲಿ ಮಗ್ಗ ನಡೆಸುವ ದೇವಾಂಗರಲ್ಲಿ ಕನ್ನಡ ಮನೆಮಾತಾದವರು ಅನೇಕರು. ಒಕ್ಕಲಿಗರಲ್ಲಿಯೂ ಹಾಗೆಯೇ. ಪೂರ್ತಿ ಕನ್ನಡ ಸೀಮೆಯಾದ ಕೊಳ್ಳೇಗಾಲ ತಾಲ್ಲೂಕು ೧೯೫೬ರ ನವೆಂಬರ್ ೧ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. ನೀಲಗಿರಿಯ ಬೆಟ್ಟಗಳೂ ೧೮೬೮ರಲ್ಲಿ ಬೇರೆಯಾಗುವ ತನಕ ಬಹುಕಾಲ ಕೊಯಮತ್ತೂರಿನ ಕಲೆಕ್ಟರರ ಕೈಕೆಳಗೇ ಇದ್ದುವು. ತಿರುಪ್ಪೂರಂತೂ ಪ್ರತ್ಯೇಕ ಜಿಲ್ಲೆಯಾದುದು ೨೦೦೯ರಲ್ಲಿ, ನಿನ್ನೆ ಮೊನ್ನೆ ಎನ್ನಬಹುದು. ಆದುದರಿಂದ ಈ ಸೀಮೆಗೆ ಬಂದ ಪರದೇಶಿಯು ತಮಿಳೊಂದನ್ನೇ ಕಲಿತು ಸುಮ್ಮನಿರುವಂತಿರಲಿಲ್ಲ. ಸಂತೆಯ ಒಂದು ತುದಿಯಲ್ಲಿ ‘ಪಾಲ್’ ಎಂದು ಕೇಳಿಸಿದ್ದು ಇನ್ನೊಂದು ತುದಿಯಲ್ಲಿ ‘ಹಾಲು’ ಎಂದು ಕೇಳಿಸುತ್ತಿತ್ತು.

ಮೊದಲು ಬಂದವರಿಗೆ ಪುಸ್ತಕವೆಂಬುದೇ ಇರಲಿಲ್ಲ. ೧೬೦೬ರಲ್ಲಿ ಮದುರೆಗೆ ಬಂದ ಇಟಲಿಯ ಜೆಸುಯಿಟ್ ಪಾದ್ರಿ ರಾಬರ್ಟೊ ಡಿ ನೋಬಿಲಿಯವರು ಕಾವಿ ಉಟ್ಟು, ದಿನಕ್ಕೊಂದೇ ಹೊತ್ತು ಅನ್ನವನ್ನೂ ಕಾಯಿಪಲ್ಯವನ್ನೂ ಉಂಡು, ತಮಿಳು ತೆಲುಗುಗಳನ್ನೂ, ಶಿವಧರ್ಮನೆಂಬ ಪಂಡಿತನಿಂದ ಸಂಸ್ಕೃತವನ್ನೂ ಕಲಿತರು. ಅವರ ಬಳಿಕ ಅದೇ ಸಂಘಕ್ಕೆ ಸೇರಿದ ಲಿಯೊನಾರ್ಡೊ ಚಿನ್ನಾಮಿ ಎಂಬುವರು ಆ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಸ್ಥಾಪಿಸಿದರು. ಸತ್ಯಮಂಗಲವೂ ಆ ಮಿಷನ್ನಿನ ಒಂದು ನೆಲೆಯಾಗಿತ್ತು. ಚಿನ್ನಾಮಿಯವರು ಕನ್ನಡಕ್ಕೆ ವ್ಯಾಕರಣವನ್ನೂ ಶಬ್ದಸಂಗ್ರಹವನ್ನೂ ಬರೆದರೆಂದು ಅವರ ಸಂಘದ ಕಾಗದಗಳಿಂದ ತಿಳಿದುಬರುತ್ತದೆ. ಈ ಮಾತನ್ನು ಓದುವಾಗ ನಾವು ಒಂದು ಗಳಿಗೆ ನಿಂತು ಯೋಚಿಸಬೇಕು. ನಿಘಂಟಿಲ್ಲದ ಊರಿನಲ್ಲಿ ನಿಘಂಟನ್ನು ಮಾಡಿಕೊಳ್ಳುವುದೆಂದರೇನು? ವಸ್ತುವನ್ನು ತೋರಿಸಿ ಹೆಸರು ಕೇಳಬೇಕು. ಕೇಳಿದುದನ್ನು ತನ್ನ ಲಿಪಿಯಲ್ಲಿ ಗುರುತಿಸಿಕೊಳ್ಳಬೇಕು. ಮರುದಿನ ಅದನ್ನೇ ಆಡಿ ನೋಡಬೇಕು. ಎದುರಿನವನು ನಕ್ಕರೆ ತಿದ್ದಿಕೊಳ್ಳಬೇಕು. ಇಟಲಿಯವರ ಕಿವಿಗೆ ‘ಟ’ಕಾರವೂ ‘ತ’ಕಾರವೂ ಒಂದೇ, ‘ಲ’ಕಾರವೂ ‘ಳ’ಕಾರವೂ ಒಂದೇ. ‘ಕಲೆ’ ಮತ್ತು ‘ಕಳೆ’ ಬೇರೆ ಬೇರೆ ಎಂಬುದು ನಮ್ಮ ಮೂರು ವರ್ಷದ ಕೂಸಿಗೆ ತಿಳಿದಿರುತ್ತದೆ. ವಿದ್ವಾಂಸರಾದ ಆ ಪಾದ್ರಿಗಳಿಗೆ ಅದನ್ನು ತಿಳಿಯಲು ಬಹಳ ದಿನಗಳು ಹಿಡಿದಿರಬೇಕು.

ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ದಾರಿಯಲ್ಲಿ ಕರುಮತ್ತಂಪಟ್ಟಿ ಎಂಬ ಊರಿದೆ. ಜೆಸುಯಿಟರ ಕಾಲದಿಂದಲೂ ಅಲ್ಲಿ ಕ್ರೈಸ್ತರ ಗುಡಿಯೊಂದುಂಟು. ಫ್ರಾನ್ಸಿನ ಆಬೆ ದ್ಯೂಬ್ವಾ ಎಂಬ ಪಾದ್ರಿಗಳು ಈ ಭಾಗದಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಬಾಳಿದವರು. ಅವರು ೧೭೯೨ರಲ್ಲಿ ಸ್ವದೇಶವನ್ನು ಬಿಟ್ಟು ಬಂದವರು ೧೮೨೩ರವರೆಗೂ ಇಲ್ಲಿಯೇ ಇದ್ದರು. ಮೂವತ್ತು ವರ್ಷಗಳ ಕಾಲ ಇಲ್ಲಿಯ ಜನರಂತೆಯೇ ಉಡುಪು ತೊಟ್ಟು, ರುಮಾಲು ಸುತ್ತಿ, ಇಲ್ಲಿಯ ಊಟವನ್ನೇ ಉಂಡು, ತಮಿಳನ್ನೂ ಕನ್ನಡವನ್ನೂ ಮಾತನಾಡುತ್ತ ಬದುಕಿದರು. ಬೇಹುಗಾರನಂತೆ ದೂರ ನಿಂತು ನೋಡದೆ, ಪಂಕ್ತಿಯ ಸಮೀಪದಲ್ಲಿ ಕುಳಿತು ಕೇಳಿದರು. ಹಾಗೆ ಕಂಡು ಕೇಳಿ ಬರೆದ ನಮ್ಮ ಆಚಾರವ್ಯವಹಾರಗಳ ಗ್ರಂಥದ ಹಸ್ತಪ್ರತಿಯನ್ನು ಕುಂಪಣಿ ಸರಕಾರವು ೨೦೦೦ ವರಹಗಳಿಗೆ ಕೊಂಡು, ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಆ ಗ್ರಂಥದ ಕೆಲವು ಭಾಗಗಳಿಗೆ ಅವರಿಗಿಂತ ಹಿಂದಿನ ಕೂರ್ದೂ ಎಂಬ ಜೆಸುಯಿಟ್ ಪಾದ್ರಿಯ ಬರಹವೇ ಆಧಾರವೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಅದರಲ್ಲಿ ನಮ್ಮ ಜನರ ವಿಚಾರವಾಗಿ ಆಡಿರುವ ಮಾತುಗಳೆಲ್ಲ ಒಪ್ಪತಕ್ಕವೂ ಅಲ್ಲ. ಕೆಲವು ಕಟುವಾಗಿವೆ, ಕೆಲವು ಅನ್ಯಾಯವಾಗಿಯೂ ಇವೆ. ಆದರೆ ಸಿಡುಬಿನ ದಾಕು ಹಾಕುವ ಕ್ರಮ ಈ ದೇಶಕ್ಕೆ ಆಗತಾನೆ ಬಂದಿದ್ದಾಗ, ೧೮೦೩–೦೪ರಲ್ಲಿ, ದ್ಯೂಬ್ವಾ ಅವರ ಯತ್ನದಿಂದ ೨೫,೦೦೦ಕ್ಕೂ ಮಿಕ್ಕ ಜನರು ದಾಕು ಹಾಕಿಸಿಕೊಂಡರು. ಸೂಜಿಯನ್ನು ಕಂಡರೆ ಬೆದರುವ ಹಳ್ಳಿಯವರು, ಅವರದೇ ಮಾತಿನಲ್ಲಿ ಹೇಳುವವರಿಲ್ಲದಿದ್ದರೆ ತೋಳನ್ನು ಮುಂದೆ ಚಾಚುತ್ತಿದ್ದರೇ? ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು. ತಾವು ಯಾವ ಕಾರ್ಯಕ್ಕಾಗಿ ಬಂದರೋ ಆ ಮತಾಂತರದ ಕಾರ್ಯ ಇಲ್ಲಿ ಕೈಗೂಡುವುದಲ್ಲವೆಂದು ಅವರೇ ೧೮೨೩ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಬರೆದರು.

ಇವರೆಲ್ಲ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ದಾರಿಯಲ್ಲಿ ಕಲಿತವರು. ಪಾದ್ರಿಗಳನ್ನು ತರಬೇತು ಮಾಡುವುದಕ್ಕಾಗಿಯೇ ಒಂದು ಮನೆಯನ್ನು ಕಟ್ಟಿ, ಅಲ್ಲಿ ಗಂಟೆ ಬಾರಿಸಿ ಎಬ್ಬಿಸಿ, ಗಂಟೆ ಬಾರಿಸಿ ಮಲಗಿಸುವ ಪದ್ಧತಿಯಿಂದ ಬಂದವರು ಬಾಸೆಲ್ ಮಿಷನ್ನಿನವರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಆ ಸಂಘ ಹುಟ್ಟಿತು; ಮರುವರ್ಷವೇ ಶಿಕ್ಷಣಶಾಲೆ ತೆರೆಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬೇಸಾಯಗಾರರ, ಬಡಗಿಗಳ, ನೇಯ್ಗೆಯವರ ಮಕ್ಕಳು. ಉಳಿ ಹಿಡಿದ ಕೈಗಳಿಗೆ ಲೇಖನಿಯನ್ನು ಹಿಡಿಸುವುದು ಅಲ್ಲಿಯ ಉಪಾಧ್ಯಾಯರ ಕೆಲಸವಾಗಿತ್ತು. ಬೆಳಗಿನ ಪ್ರಾರ್ಥನೆ, ಪಾಠ, ಊಟ, ಮತ್ತೆ ಪಾಠ. ಅದರ ನಡುವೆ ಸೌದೆ ಸೀಳುವುದು, ತೋಟದ ಕೆಲಸ, ಮರಗೆಲಸ, ಪುಸ್ತಕಗಳಿಗೆ ರಟ್ಟು ಕಟ್ಟುವುದು. ಮನೆಯ ನಿಯಮಗಳು ಬಿಗಿಯಾಗಿದ್ದುವು. ಮದುವೆಗೂ ಸಂಘದ ಅನುಮತಿ ಬೇಕು. ಅದೂ ಹೊರದೇಶದಲ್ಲಿ ಕೆಲವು ವರ್ಷ ಕೆಲಸ ಮಾಡಿದ ಮೇಲೆಯೇ. ಅನುಮತಿ ದೊರೆತ ಮೇಲೆ ಹೆಣ್ಣು ಹಡಗಿನಲ್ಲಿ ಬರುತ್ತಿದ್ದಳು. ವರನ ಮುಖವನ್ನು ಚೆನ್ನಾಗಿ ಕಂಡರಿಯದೆಯೇ ಸಮುದ್ರವನ್ನು ದಾಟಿ ಬಂದ ಆ ಹೆಣ್ಣುಮಕ್ಕಳ ಎದೆಗಾರಿಕೆಯ ಕಥೆಯೇ ಬೇರೊಂದು ಲೇಖನವಾದೀತು.

ಆ ಶಾಲೆಯ ಪಾಠಕ್ರಮದಲ್ಲಿ ನಮ್ಮ ಪೋಷಕರು ಗಮನಿಸಬೇಕಾದ ಅಂಶವೊಂದಿದೆ. ಅಲ್ಲಿ ಗ್ರೀಕ್, ಹೀಬ್ರೂ, ಇಂಗ್ಲಿಷ್ ಭಾಷೆಗಳನ್ನು ಕಲಿಸುತ್ತಿದ್ದರು. ಆದರೆ ಕೆಳಗಿನ ತರಗತಿಗಳಲ್ಲಿ ಮೊದಲು ಹೇಳಿಕೊಡುತ್ತಿದ್ದ ಪಾಠಗಳಲ್ಲಿ ಅವರ ಸ್ವಂತ ಭಾಷೆಯಾದ ಜರ್ಮನ್ನೂ ಒಂದು. ಹುಟ್ಟಿದಂದಿನಿಂದ ಆಡುತ್ತಿದ್ದ ಭಾಷೆಯಲ್ಲಿ ನೆಟ್ಟಗೆ ಒಂದು ಕಾಗದ ಬರೆಯುವುದನ್ನೂ ಕರ್ತೃ ಯಾವುದು, ಕ್ರಿಯೆ ಯಾವುದು ಎಂದು ಬಿಡಿಸಿ ನೋಡುವುದನ್ನೂ ಕಲಿತ ಮೇಲೆಯೇ ಗ್ರೀಕಿನ ಮಾತು. ಕನ್ನಡದ ಪಾಠವಾದರೋ ಹಡಗು ಇಳಿದ ಬಳಿಕ. ೧೮೩೪ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿಳಿದು ಮಂಗಳೂರಿಗೆ ಬಂದಾಗ ಅವರ ಮುಂದೆ ಕನ್ನಡ, ತುಳು, ಕೊಂಕಣಿ, ಮಲಯಾಳ ಇಷ್ಟೂ ಭಾಷೆಗಳು ಒಟ್ಟಿಗೆ ನಿಂತುವು.

ಬಂದವರ ಮೊದಲ ಕೆಲಸ ಮುನ್ಷಿಯನ್ನು ಗೊತ್ತುಮಾಡಿಕೊಳ್ಳುವುದು. ಬೆಳಗಿನ ತಂಪಿನಲ್ಲಿ ಮುನ್ಷಿಯು ಬರುವನು. ಇಬ್ಬರೂ ಮೇಜಿನ ಎರಡು ಬದಿಗೆ ಕುಳಿತುಕೊಳ್ಳುವರು. ಮುನ್ಷಿ ಓದಿದುದನ್ನು ಶಿಷ್ಯನು ಓದುವನು. ಶಿಷ್ಯನಿಗೆ ಮೀಸೆ ಬಂದಿರುವುದರಿಂದ ಬೆತ್ತವಿಲ್ಲ, ಅದೊಂದೇ ವ್ಯತ್ಯಾಸ. ಓದುವ ಪುಸ್ತಕ ಬಹುಮಟ್ಟಿಗೆ ಜೈಮಿನಿ ಭಾರತ. ಹೀಗಾಗಿ ಒಂದು ವಿಚಿತ್ರ ತೊಡಕು ಉಂಟಾಗುತ್ತಿತ್ತು. ಷಟ್ಪದಿಯ ಕನ್ನಡವನ್ನು ಕಂಠಸ್ಥ ಮಾಡಿದವನು ಸಂತೆಗೆ ಹೋಗಿ ಬದನೆಕಾಯಿಯ ಬೆಲೆ ಕೇಳಿದರೆ ಮಾರುವವಳು ಬಾಯಿಬಿಟ್ಟು ನೋಡುವಳು. ಗ್ರಂಥದ ಭಾಷೆಗೂ ಬಾಯಿಯ ಭಾಷೆಗೂ ಇರುವ ಅಂತರವನ್ನು ನಾವು ಹುಟ್ಟಿನಿಂದಲೇ ದಾಟುವುದನ್ನು ಕಲಿತಿರುತ್ತೇವೆ. ಅವರಿಗೆ ಎರಡನ್ನೂ ಬೇರೆ ಬೇರೆಯಾಗಿ ಕಲಿಯಬೇಕಾಯಿತು. ಆದುದರಿಂದ ಬೆಳಗಿನ ಹೊತ್ತು ಮುನ್ಷಿಯೊಡನೆ, ಸಂಜೆಯ ಹೊತ್ತು ಬೀದಿಯಲ್ಲಿ ಎಂದು ದಿನವನ್ನು ಹಂಚಿಕೊಂಡವರೇ ಬೇಗ ಕಲಿತರು. ೧೮೫೩ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ಲರು ಹಿರಿಯ ಪಾದ್ರಿಗಳಂತೆ ಕುದುರೆಯೇರದೆ ಕಾಲ್ನಡಿಗೆಯಲ್ಲಿಯೇ ಊರೂರು ತಿರುಗುತ್ತಿದ್ದರು. ತಮ್ಮವರ ಸಹವಾಸಕ್ಕಿಂತ ಕನ್ನಡಿಗರ ಸಹವಾಸವನ್ನೇ ಬಯಸುತ್ತಿದ್ದರು. ಅದು ಹಿರಿಯರಿಗೆ ಹಿಡಿಸಲಿಲ್ಲ. ೧೮೯೪ರಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯಗಳ ಶಬ್ದಗಳ ಪಕ್ಕದಲ್ಲಿಯೇ ಗಾದೆಗಳೂ ಅಡುಗೆಮನೆಯ ಮಾತುಗಳೂ ಬಂದು ಕುಳಿತಿರುವುದು ಆ ನಡಿಗೆಯ ಫಲ.

ಈಗ ನೀಲಗಿರಿಗೆ ಬರೋಣ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ನರು ೧೮೧೯ರಲ್ಲಿ ಬೆಟ್ಟವನ್ನೇರಿದ ಮೇಲೆ ಅಲ್ಲಿಗೆ ಬಿಳಿಯರ ವಲಸೆ ಮೊದಲಾಯಿತು. ಅಲ್ಲಿಯ ಕೇತ್ತಿ ಕಣಿವೆಯಲ್ಲಿ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರೊಬ್ಬರು ಮನೆ ಮಾಡಿಕೊಂಡಿದ್ದರು. ವಿಶ್ರಾಂತಿ ಪಡೆಯಬೇಕಾದ ವಯಸ್ಸಿನಲ್ಲಿ ಈ ಮಹನೀಯರು ಕನ್ನಡವನ್ನು ಕಲಿಯಲು ತೊಡಗಿದರು. ಬಡಗರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ೧೮೪೬ರಲ್ಲಿ ಬಾಸೆಲ್ ಮಿಷನ್ನಿನವರನ್ನು ಕರೆಸಿಕೊಂಡರು. ೧೮೪೯ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಆ ಕಾರ್ಯಕ್ಕೇ ಬಿಟ್ಟುಹೋದರು. ಕನ್ನಡಿಗರು ಅವರನ್ನು ನೆನೆಯಬೇಕಾದುದು ಇನ್ನೊಂದು ಕಾರಣಕ್ಕೆ. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ೧೮೪೮ರಿಂದ ೧೮೫೩ರವರೆಗೆ ಅಚ್ಚು ಹಾಕಿಸಿದರಷ್ಟೆ. ಅದಕ್ಕೆ ಹಣ ಕೊಟ್ಟವರು ಇದೇ ಕಾಸಮೇಜರರು. ಓಲೆಗರಿಯಲ್ಲಿ ಹುಳು ತಿನ್ನುತ್ತಿದ್ದ ನಮ್ಮ ಕಾವ್ಯಗಳು ಕಾಗದದ ಮೇಲೆ ಬಂದುದರಲ್ಲಿ, ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಒಂದು ಬೆಟ್ಟದ ಮನೆಯ ಪಾಲು ಉಂಟೆಂಬುದು ಎಷ್ಟು ಮಂದಿಗೆ ಗೊತ್ತಿದೆ?

ಕೇತ್ತಿಗೆ ಬಂದ ಪಾದ್ರಿಗಳಿಗೆ ಹೊಸದೊಂದು ಪಾಠ ಕಾದಿತ್ತು. ಮಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಕಲಿತ ಕನ್ನಡದಿಂದ ಇಲ್ಲಿ ಕೆಲಸವಾದೀತೆಂದು ಅವರು ಎಣಿಸಿದ್ದರು. ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರವಾದುದು. ಅವರು ಊರಿಗೆ ‘ಹಟ್ಟಿ’ ಎನ್ನುವರು, ಹಬ್ಬಕ್ಕೆ ‘ಹಬ್ಬ’ ಎಂದೇ ಅನ್ನುವರು. ಆದರೂ ಕೇಳುವವರ ಮುಖವನ್ನು ನೋಡಿದರೆ ಮಾತು ಕಿವಿಯವರೆಗೆ ಹೋಗಿ ನಿಂತುಬಿಡುತ್ತಿದೆಯೆಂಬುದು ತಿಳಿಯುತ್ತಿತ್ತು. ಆಗ ಕೆಲವರು ಹಟ್ಟಿಯಿಂದ ಹಟ್ಟಿಗೆ ನಡೆದು ಬಡಗರ ನುಡಿಯನ್ನೇ ಕಲಿಯತೊಡಗಿದರು. ಮೆಟ್ಸ್ ಎಂಬ ಪಾದ್ರಿಗಳು ಹೀಗೆ ಬಹುಕಾಲ ತಿರುಗಾಡಿ ಆ ಬೆಟ್ಟದ ಜನಗಳ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ೧೮೫೨ರಲ್ಲಿ ಲೂಕನ ಸುವಾರ್ತೆಯು ಬಡಗ ನುಡಿಯಲ್ಲಿ ಕನ್ನಡ ಅಕ್ಷರಗಳಿಂದ ಅಚ್ಚಾಯಿತು. ಹತ್ತಿರದ ಭಾಷೆಯನ್ನು ಕಲಿಯುವುದು ದೂರದ ಭಾಷೆಯನ್ನು ಕಲಿಯುವುದಕ್ಕಿಂತ ಸುಲಭ. ಆದರೆ ಕಲಿತಿದ್ದೇವೆಂಬ ಭ್ರಮೆಯೂ ಅಲ್ಲಿಯೇ ಹೆಚ್ಚು.

ತಮಿಳು ಕಲಿಯುವ ನಮ್ಮ ಮಕ್ಕಳಿಗೂ ಈ ಭ್ರಮೆ ತಪ್ಪಿದ್ದಲ್ಲ. ಆದರೆ ಅವರಿಗೊಂದು ಕೀಲಿಕೈ ಉಂಟು. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತು; ತಮಿಳಿನಲ್ಲಿ ಪಕಾರವು ಹಾಗೆಯೇ ಉಳಿಯಿತು. ಹತ್ತು–ಪತ್ತು, ಹುಲಿ–ಪುಲಿ, ಹಲ್ಲು–ಪಲ್, ಹೂ–ಪೂ ಎಂದು ಜೋಡಿಸುತ್ತ ಹೋದರೆ ಒಂದು ಸಂಜೆಯಲ್ಲಿಯೇ ಐವತ್ತು ಶಬ್ದಗಳು ಕೈಸೇರುತ್ತವೆ. ಈ ಭಾಷೆಗಳೆಲ್ಲ ಒಂದೇ ಮನೆತನದವು ಎಂಬುದನ್ನು ೧೮೧೬ರಲ್ಲಿ ಮದರಾಸಿನ ಎಲ್ಲಿಸ್ ಎಂಬ ಅಧಿಕಾರಿಯೂ, ೧೮೫೬ರಲ್ಲಿ ವಿಸ್ತಾರವಾಗಿ ಕಾಲ್ಡ್‌ವೆಲ್ಲರೂ ತೋರಿಸಿಕೊಟ್ಟರು. ಈ ಕಾಲ್ಡ್‌ವೆಲ್ಲರು ೧೮೪೧ರಲ್ಲಿ ಮದರಾಸಿನಿಂದ ತಿರುನೆಲ್ವೇಲಿ ಸೀಮೆಗೆ ಹೊರಟಾಗ, ಜನರ ಮಾತುಕಥೆಗಳನ್ನು ಹತ್ತಿರದಿಂದ ತಿಳಿಯಬೇಕೆಂದು ನೀಲಗಿರಿಯನ್ನೂ ಕೊಯಮತ್ತೂರನ್ನೂ ಬಳಸಿ ಕಾಲ್ನಡಿಗೆಯಲ್ಲಿಯೇ ಹೋದರು.

ಇಷ್ಟರಲ್ಲಿ ಬಾಲಕರು ಕೇಳಿಯಾರು: ಇದೆಲ್ಲ ಹಳೆಯ ಕಾಲದ ಮಾತಾಯಿತು, ಈಚೆಗೆ ಭಾಷೆ ಕಲಿಸುವ ಮನೆಗಳು ಹೇಗಿದ್ದುವು? ಅದಕ್ಕೆ ಒಂದು ಉದಾಹರಣೆಯನ್ನು ಭೂಮಿಯ ಆ ಬದಿಯಿಂದ ತೆಗೆದುಕೊಳ್ಳೋಣ. ಮೆಕ್ಸಿಕೊ ದೇಶದ ಕ್ವೆರ್ನವಾಕಾ ಎಂಬ ಊರಿನಲ್ಲಿ ೧೯೬೧ರಲ್ಲಿ ಇವಾನ್ ಇಲಿಚ್ ಎಂಬ ಪಾದ್ರಿಗಳು ಒಂದು ತರಬೇತಿಯ ಕೇಂದ್ರವನ್ನು ತೆರೆದರು. ದಕ್ಷಿಣ ಅಮೆರಿಕದ ದೇಶಗಳಲ್ಲಿ ಸೇವೆಗೆ ಹೊರಟ ಪಾದ್ರಿಗಳೂ ಸನ್ಯಾಸಿನಿಯರೂ ಅಲ್ಲಿ ತಿಂಗಳುಗಟ್ಟಲೆ ಇದ್ದು ಸ್ಪ್ಯಾನಿಷ್ ಕಲಿಯಬೇಕಾಗಿತ್ತು. ಮೂರು ನಾಲ್ಕು ಮಂದಿಯ ಸಣ್ಣ ಗುಂಪು. ಎದುರಿಗೆ ಆ ನಾಡಿನಲ್ಲಿಯೇ ಹುಟ್ಟಿ ಆ ಭಾಷೆಯನ್ನಾಡುವ ಒಬ್ಬರು. ದಿನಕ್ಕೆ ಹಲವು ಗಂಟೆಗಳ ಕಾಲ ಒಂದೇ ವಾಕ್ಯವನ್ನು ತಿರುಗಿಸಿ ಮುರುಗಿಸಿ ಬಾಯಿಂದ ಹೇಳಿಸುವುದು. ನಮ್ಮ ಹಳೆಯ ಮಠಗಳಲ್ಲಿ ಮಗ್ಗಿ ಹೇಳಿಸುತ್ತಿದ್ದುದಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ಇಲಿಚ್ ಅವರು ಶಿಷ್ಯರಿಗೆ ಹೇಳುತ್ತಿದ್ದ ಒಂದು ವಿಚಾರ ನಮಗೆ ಬಹಳ ಹಿಡಿಸಿದೆ. ಒಂದು ಜನಾಂಗದ ಭಾಷೆಯಲ್ಲಿ ಶಬ್ದಗಳನ್ನು ಕಲಿಯುವುದಕ್ಕಿಂತ ಅದರ ಮೌನಗಳನ್ನು ಕಲಿಯುವುದು ಕಷ್ಟವೆಂದು ಅವರ ಮತ. ಯಾವಾಗ ಸುಮ್ಮನಿರಬೇಕು, ಯಾವ ಸುಮ್ಮನಿರುವಿಕೆ ಒಪ್ಪಿಗೆ, ಯಾವುದು ಕೋಪ ಎಂಬುದನ್ನು ವ್ಯಾಕರಣ ಹೇಳಿಕೊಡುವುದಿಲ್ಲ. ಪರರಿಗೆ ಉಪದೇಶಿಸುವ ಆತುರವೇ ಹೆಚ್ಚಾಗಿದ್ದವರನ್ನು ಅವರು ಅಲ್ಲಿಂದಲೇ ಮನೆಗೆ ಹಿಂತಿರುಗುವಂತೆ ಮಾಡುತ್ತಿದ್ದರೆಂದು ಪ್ರಸಿದ್ಧಿ. ೧೯೭೬ರಲ್ಲಿ ಆ ಸಂಸ್ಥೆ ಮುಚ್ಚಿತು.

ಸ್ಪ್ಯಾನಿಷ್ ಎಂದೊಡನೆ ನಮ್ಮ ಹುಡುಗರು ಹೆದರಬೇಕಾಗಿಲ್ಲ. ಕನ್ನಡ ಬಲ್ಲವರಿಗೆ ಅದರ ಕೆಲವು ಭಾಗಗಳು ಇಂಗ್ಲಿಷಿಗಿಂತ ಎಷ್ಟೋ ಹಗುರ. ಅದು ಬಹುಮಟ್ಟಿಗೆ ಬರೆದಂತೆಯೇ ಓದುವ ಭಾಷೆ. ಸ್ವರಗಳು ಅ, ಎ, ಇ, ಒ, ಉ ಎಂಬ ಐದೇ. ‘ನಾನು’ ಎನ್ನದೆ ಬರಿದೆ ‘ಬರುತ್ತೇನೆ’ ಎಂದರೆ ನಮಗೆ ಅರ್ಥವಾಗುವಂತೆ ಅಲ್ಲಿಯೂ ಕ್ರಿಯಾಪದದ ಕೊನೆಯೇ ಕರ್ತೃವನ್ನು ಹೇಳಿಬಿಡುತ್ತದೆ. ‘ಆಬ್ಲೊ’ ಎಂದರೆ ‘ಮಾತನಾಡುತ್ತೇನೆ’. ‘ನೀನು’, ‘ನೀವು’ ಎಂಬ ಭೇದ ಇಂಗ್ಲಿಷಿನಲ್ಲಿಲ್ಲ. ಸ್ಪ್ಯಾನಿಷಿನಲ್ಲಿ ‘ತೂ’, ‘ಉಸ್ತೆದ್’ ಎಂದು ಉಂಟು. ಇಂಗ್ಲಿಷಿನವನು ‘ನಾನು ಹಾಲನ್ನು ಮೆಚ್ಚುತ್ತೇನೆ’ ಎನ್ನುವಲ್ಲಿ ನಾವು ‘ನನಗೆ ಹಾಲು ಇಷ್ಟ’ ಎನ್ನುತ್ತೇವೆ. ಸ್ಪೇನಿನವನೂ ‘ಮೆ ಗುಸ್ತಾ ಲಾ ಲೆಚೆ’ ಎಂದು, ತನ್ನನ್ನು ಚತುರ್ಥಿಯಲ್ಲಿ ನಿಲ್ಲಿಸಿ ಹಾಲನ್ನೇ ಕರ್ತೃವನ್ನಾಗಿ ಮಾಡುತ್ತಾನೆ. ಹಳಗನ್ನಡದಲ್ಲಿ ‘ರ’ ಅಲ್ಲದೆ ‘ಱ’ ಎಂಬ ಶಕಟರೇಫವಿತ್ತೆಂದು ಹಿರಿಯ ತರಗತಿಯವರು ಓದಿದ್ದಾರೆ. ಆ ಬಗೆಯ ಭೇದ ಸ್ಪ್ಯಾನಿಷಿನಲ್ಲಿ ಇಂದಿಗೂ ಜೀವಂತವಾಗಿದೆ: ‘ಪೆರೊ’ ಎಂದರೆ ‘ಆದರೆ’, ರ‍ಕಾರವನ್ನು ಒತ್ತಿ ‘ಪೆಱ್ಱೊ’ ಎಂದರೆ ‘ನಾಯಿ’. ಸಭೆಯಲ್ಲಿ ‘ಆದರೆ’ ಎನ್ನಹೋಗಿ ‘ನಾಯಿ’ ಎಂದವರು ಕ್ವೆರ್ನವಾಕಾದಲ್ಲಿ ಎಷ್ಟು ಮಂದಿಯಿದ್ದರೋ! ಕಷ್ಟವಿರುವುದು ಲಿಂಗದಲ್ಲಿ. ನಮಗೆ ಮೇಜೂ ಪುಸ್ತಕವೂ ನಪುಂಸಕ; ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಇದಕ್ಕೆ ಕಾರಣ ಕೇಳಿ ಪ್ರಯೋಜನವಿಲ್ಲ, ಬಾಯಿಪಾಠವೇ ಗತಿ. ಇನ್ನು ಸ್ಪ್ಯಾನಿಷಿನ ತಂಗಿಯೆನ್ನಬಹುದಾದ ಪೋರ್ತುಗೀಜಿನ ಕೆಲವು ಶಬ್ದಗಳು ನಮ್ಮ ಮನೆಯಲ್ಲಿ ಆಗಲೇ ನೆಲೆಸಿವೆ. ಚಾವಿ, ಪಗಾರ ಎಂಬುವು ಅಲ್ಲಿಂದಲೇ ಬಂದುವು. ಈ ಲೇಖನದಲ್ಲಿ ಇಷ್ಟು ಸಲ ಬಳಸಿದ ‘ಪಾದ್ರಿ’ಯೂ ಅಲ್ಲಿಯದೇ, ಎರಡು ಭಾಷೆಗಳಲ್ಲಿಯೂ ಅದರ ಮೂಲಾರ್ಥ ‘ತಂದೆ’.

ಸ್ಪ್ಯಾನಿಷ್ ತಾಯಿನುಡಿಯಾದವರೊಬ್ಬರು ನಮ್ಮ ದೇಶದ ಭಾಷೆಯೊಂದನ್ನು ಕಲಿತ ಬಗೆಯನ್ನೂ ಹೇಳಬೇಕು. ಕಾರ್ಲೊಸ್ ವಾಲೆಸ್ ಎಂಬ ಪಾದ್ರಿಗಳು ೧೯೨೫ರಲ್ಲಿ ಸ್ಪೇನಿನಲ್ಲಿ ಹುಟ್ಟಿ ೧೯೪೯ರಲ್ಲಿ ಭಾರತಕ್ಕೆ ಬಂದರು. ಮದರಾಸಿನಲ್ಲಿ ಗಣಿತದ ಎಂ.ಎ. ಪದವಿಯನ್ನು ಪಡೆದರು. ಗುಜರಾತಿನಲ್ಲಿ ಗಣಿತ ಕಲಿಸಬೇಕಾಗಿ ಬಂದಾಗ, ಇಂಗ್ಲಿಷಿನಿಂದ ಪಾಠ ನಡೆದೀತು, ಆದರೆ ಹುಡುಗರ ಮನಸ್ಸಿಗೆ ಹತ್ತಿರವಾಗುವುದು ಸಾಧ್ಯವಿಲ್ಲವೆಂದು ಗುಜರಾತಿಯನ್ನು ಕಲಿಯತೊಡಗಿದರು. ಪುಣೆಯಲ್ಲಿ ಮತಶಾಸ್ತ್ರವನ್ನೋದುತ್ತಿದ್ದ ವರ್ಷಗಳಲ್ಲಿಯೂ ಪ್ರತಿದಿನ ಗುಜರಾತಿಯಲ್ಲಿ ಬರೆಯುವ ಅಭ್ಯಾಸವನ್ನು ಇಟ್ಟುಕೊಂಡಿದ್ದರು. ಮುಂದೆ ಅಹಮದಾಬಾದಿನ ಹಳೆಯ ಕೇರಿಗಳಲ್ಲಿ, ಒಂದು ಮನೆಯಲ್ಲಿ ಕೆಲವು ದಿನ, ಮತ್ತೊಂದರಲ್ಲಿ ಕೆಲವು ದಿನ ಎಂಬಂತೆ ಜನಸಾಮಾನ್ಯರ ಮನೆಗಳಲ್ಲಿಯೇ ಅತಿಥಿಯಾಗಿ ವರ್ಷಗಟ್ಟಲೆ ವಾಸಿಸಿದರು. ಗುಜರಾತಿಯಲ್ಲಿ ಅವರು ಬರೆದ ಪ್ರಬಂಧಗಳಿಗಾಗಿ ೧೯೭೮ರಲ್ಲಿ ರಣಜಿತರಾಮ ಸುವರ್ಣಚಂದ್ರಕವೆಂಬ ಆ ಸಾಹಿತ್ಯದ ದೊಡ್ಡ ಪುರಸ್ಕಾರ ಬಂದಿತು. ೨೦೨೦ರಲ್ಲಿ ಅವರು ತೀರಿಕೊಂಡಾಗ ಗುಜರಾತಿನ ಓದುಗರು ತಮ್ಮ ಲೇಖಕನೊಬ್ಬನನ್ನು ಕಳೆದುಕೊಂಡಂತೆಯೇ ದುಃಖಪಟ್ಟರು.

ಪೋಷಕರ ಪ್ರಶ್ನೆಗೆ ಈಗ ನಮ್ಮ ಅಭಿಪ್ರಾಯವನ್ನು ಹೇಳಬಹುದು. ಇವರೆಲ್ಲರೂ ತಮ್ಮ ಒಂದು ಭಾಷೆಯನ್ನು ಭದ್ರವಾಗಿ ಓದಿ ಬರೆಯಲು ಬಲ್ಲವರಾಗಿದ್ದರು. ಆ ಅಳತೆಗೋಲನ್ನು ಹಿಡಿದೇ ಎರಡನೆಯದನ್ನು ಅಳೆದರು. ಕನ್ನಡದಲ್ಲಿ ವಿಭಕ್ತಿಯೆಂದರೇನೆಂದು ತಿಳಿದ ಮಗುವಿಗೆ ತಮಿಳಿನ ವಿಭಕ್ತಿ ಹೊಸ ವಿಷಯವಲ್ಲ, ಹೊಸ ಪ್ರತ್ಯಯ ಮಾತ್ರ. ಇದರ ಜೊತೆಗೆ ತಿರುಪ್ಪೂರಿನ ಕೇರಿಯಲ್ಲಿ ಬೆಳೆಯುವ ಕನ್ನಡದ ಮಗುವಿಗೆ, ಆ ವಿದ್ವಾಂಸರಾರಿಗೂ ದೊರೆಯದಿದ್ದ ಅನುಕೂಲವೊಂದಿದೆ: ಅದರ ಕಿವಿ ಎಳೆಯದು, ಅದರ ಮುನ್ಷಿಗಳು ಗೋಲಿಯಾಡುವ ಗೆಳೆಯರು. ಕೊರತೆಯಾಗುವುದು ಬಹುಮಟ್ಟಿಗೆ ಮನೆಯಲ್ಲಿ ಕನ್ನಡದ ಓದು ನಿಂತುಹೋದಾಗ. ಆಡುವುದಕ್ಕೆ ಎರಡು ಭಾಷೆ ಬಂದು, ಓದಿ ಬರೆಯುವುದಕ್ಕೆ ಎರಡೂ ಅರೆಬರೆಯಾದರೆ ಆ ಮಗುವಿಗೆ ಕಷ್ಟವೇ ಸರಿ. ವಾರಕ್ಕೊಮ್ಮೆ ಅಜ್ಜನಿಗೋ ಸೋದರಮಾವನಿಗೋ ಕನ್ನಡದಲ್ಲಿ ಒಂದು ಕಾಗದ ಬರೆಯಿಸುವುದು ಹೆಚ್ಚಿನ ಖರ್ಚಿನ ಕೆಲಸವೇನಲ್ಲ.

ಒಂದು ಸಂಗತಿ ಉಳಿಯಿತು. ಮೇಲೆ ಹೇಳಿದ ವ್ಯಾಕರಣಗಳ, ನಿಘಂಟುಗಳ ಮುಖಪುಟದ ಮೇಲೆ ಪಾದ್ರಿಗಳ ಹೆಸರುಗಳು ದೊಡ್ಡ ಅಕ್ಷರಗಳಲ್ಲಿವೆ. ಬೆಳಗಿನ ತಂಪಿನಲ್ಲಿ ಬಂದು ಕುಳಿತು, ಒಂದೊಂದು ಶಬ್ದವನ್ನೂ ಹತ್ತು ಸಲ ಹೇಳಿಕೊಟ್ಟ ಮುನ್ಷಿಗಳಲ್ಲಿ ಹೆಚ್ಚಿನವರ ಹೆಸರು ಅಲ್ಲಿ ಕಾಣುವುದಿಲ್ಲ. ಬರುವ ಬೇಸಗೆಯ ರಜೆಯಲ್ಲಿ ಕೊಯಮತ್ತೂರು, ತಿರುಪ್ಪೂರು ಕಡೆಯ ನೆಂಟರ ಮನೆಗೆ ಹೋಗುವ ವಿದ್ಯಾರ್ಥಿಗಳು ಅಲ್ಲಿಯ ಮಗ್ಗದ ಮುಂದೆ ಕುಳಿತು, ಅದರ ಒಂದೊಂದು ಭಾಗಕ್ಕೂ ನೇಯುವವರು ಕನ್ನಡದಲ್ಲೇನನ್ನುವರು, ತಮಿಳಿನಲ್ಲೇನನ್ನುವರು ಎಂದು ಕೇಳಿ ಎರಡು ಸಾಲಾಗಿ ಬರೆದು ತರಲಿ. ಹೇಳಿಕೊಟ್ಟವರ ಹೆಸರನ್ನೂ ಪಟ್ಟಿಯ ತಲೆಯಲ್ಲಿಯೇ ಬರೆದಿರಲಿ.